ಆಲಯ, ಸಭೆ ಮತ್ತು ಸೌಕರ್ಯ: ಆಧುನಿಕತಾವಾದಿ ಚರ್ಚುಗಳ ಜೀರ್ಣೋದ್ಧಾರದ ಮೂರು ಮಾದರಿಗಳು

೧. ಪ್ರವೇಶಿಕೆ

ಆರಾಧನಾ ಮಂದಿರಗಳ ಜೀರ್ಣೋದ್ಧಾರವು ಕನ್ನಡ ನಾಡಿಗೆ ಹೊಸ ಪರಿಕಲ್ಪನೆಯಲ್ಲ. ಮಧ್ಯಕಾಲೀನ ಕನ್ನಡ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಪದಪುಂಜ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು, ಶಿಥಿಲವಾದದ್ದನ್ನು ಸರಿಪಡಿಸುವುದು ಎಂಬುದು ಅದರ ಅರ್ಥ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ದತ್ತಿಯ ಉದ್ದೇಶವನ್ನು ಹೇಳುವಾಗ ಶಾಸನಕಾರರು ಈ ದುರಸ್ತಿ ಕಾರ್ಯವನ್ನು ಒಂಟಿಯಾಗಿ ಹೆಸರಿಸುವುದು ಕಡಿಮೆ. ದೇವರ ಅಂಗಭೋಗ, ರಂಗಭೋಗ, ತಪೋಧನರ ಆಹಾರದಾನಗಳ ಜೊತೆಯಲ್ಲಿಯೇ ಜೀರ್ಣೋದ್ಧಾರವೂ ಬರುತ್ತದೆ. ಕಟ್ಟಡ ಉಳಿಯುವುದು, ಅದರೊಳಗೆ ಪೂಜೆ ನಡೆಯುವುದು, ಅಲ್ಲಿಗೆ ಬಂದವರು ಉಣ್ಣುವುದು ಇವು ಮೂರೂ ಒಂದೇ ಧರ್ಮಕಾರ್ಯದ ಅಂಗಗಳೆಂಬ ತಿಳಿವಳಿಕೆ ಈ ಸೂತ್ರದ ಹಿಂದಿದೆ.

ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ನಿರ್ಮಾಣಗೊಂಡ ಆಧುನಿಕತಾವಾದಿ ಚರ್ಚುಗಳ ವಿಷಯದಲ್ಲಿ ಈ ಮೂರು ಅಂಗಗಳು ಬೇರೆಬೇರೆಯಾಗಿ ನಿಂತಿವೆ. ಈ ಚರ್ಚುಗಳು ಪ್ರಸಿದ್ಧ ವಾಸ್ತುಶಿಲ್ಪಿಗಳ ಕೃತಿಗಳು; ಕಲಾಚರಿತ್ರೆಯ ಪಠ್ಯಗಳಲ್ಲಿ ಸ್ಥಾನ ಪಡೆದಂಥವು; ಅನೇಕವು ಸಂರಕ್ಷಿತ ಸ್ಮಾರಕಗಳು. ಅದೇ ಕಾಲಕ್ಕೆ ಅವು ವಾರವಾರವೂ ಜನ ಸೇರುವ ಪ್ರಾರ್ಥನಾ ಸ್ಥಳಗಳೂ ಹೌದು. ಚಳಿಗಾಲದಲ್ಲಿ ಕೊರೆಯುವ, ಬೇಸಿಗೆಯಲ್ಲಿ ಬೇಯುವ, ಮಳೆಗೆ ಸೋರುವ, ಮೆಟ್ಟಿಲು ಹತ್ತಲಾರದವರನ್ನು ಹೊರಗೆ ನಿಲ್ಲಿಸುವ ಕಟ್ಟಡವನ್ನು ಹಾಗೆಯೇ ಉಳಿಸಿಕೊಳ್ಳಬೇಕೆ, ಬದಲಾಯಿಸಬೇಕೆ ಎಂಬ ಪ್ರಶ್ನೆ ಅಲ್ಲಿನ ಸಭೆಗಳನ್ನು ಕೆಲವು ದಶಕಗಳಿಂದ ಕಾಡುತ್ತಿದೆ. ಅಮೆರಿಕದ ಎರಡು ಹಾಗೂ ಜರ್ಮನಿಯ ಒಂದು ನಿದರ್ಶನವನ್ನು ಆಧರಿಸಿ ಈ ಪ್ರಶ್ನೆಯನ್ನು ಜಾನಪದ ಅಧ್ಯಯನದ ದೃಷ್ಟಿಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ವಾಸ್ತುಶಿಲ್ಪದ ಚರ್ಚೆಗೆ ಜಾನಪದ ಅಧ್ಯಯನ ಹೇಗೆ ಸಂಬಂಧಿಸುತ್ತದೆ ಎಂಬ ಸಂದೇಹ ಸಹಜವಾದದ್ದು. ಅಮೆರಿಕದ ವಿದ್ವಾಂಸ ಡಾನ್ ಯೋಡರ್ ೧೯೭೪ರಲ್ಲಿ ಜನಪದ ಧರ್ಮವೆಂಬುದನ್ನು ನಿರ್ವಚಿಸಲು ಯತ್ನಿಸಿದಾಗ, ಅಧಿಕೃತ ಧರ್ಮಶಾಸ್ತ್ರದ ಹೊರಗೂ ಅದರ ಜೊತೆಜೊತೆಗೂ ಜನ ನಡೆಸಿಕೊಂಡು ಬರುವ ನಂಬಿಕೆ ಆಚರಣೆಗಳತ್ತ ಗಮನ ಸೆಳೆದರು. ೧೯೯೫ರಲ್ಲಿ ಲಿಯೊನಾರ್ಡ್ ಪ್ರಿಮಿಯಾನೊ ಇದನ್ನು ಇನ್ನೂ ಮುಂದಕ್ಕೊಯ್ದು, ಜನ ಬದುಕುವ ಧರ್ಮವೇ ಅಧ್ಯಯನದ ವಸ್ತುವಾಗಬೇಕೆಂದು ವಾದಿಸಿದರು. ಈ ನೋಟದಲ್ಲಿ ಚರ್ಚೆಂಬುದು ನಕ್ಷೆಯಲ್ಲಿರುವ ಆಕೃತಿ ಮಾತ್ರವಲ್ಲ. ಯಾರು ಎಲ್ಲಿಂದ ಒಳಗೆ ಬರುತ್ತಾರೆ, ಎಲ್ಲಿ ಕೂರುತ್ತಾರೆ, ಯಾರ ಮುಖ ನೋಡುತ್ತಾರೆ, ಪ್ರಾರ್ಥನೆ ಮುಗಿದ ಮೇಲೆ ಎಲ್ಲಿ ನಿಂತು ಮಾತಾಡುತ್ತಾರೆ ಎಂಬ ರೂಢಿಗಳ ಮೊತ್ತವೂ ಹೌದು.

೨. ಆಧುನಿಕತಾವಾದಿ ಕಟ್ಟಡದ ವಿಶಿಷ್ಟ ತೊಡಕುಗಳು

ಕಲ್ಲು ಮತ್ತು ಸುಣ್ಣದಗಾರೆಯ ಹಳೆಯ ಚರ್ಚುಗಳಿಗೂ ಕಾಂಕ್ರೀಟ್ ಮತ್ತು ಗಾಜಿನ ಆಧುನಿಕ ಚರ್ಚುಗಳಿಗೂ ದುರಸ್ತಿಯ ದೃಷ್ಟಿಯಿಂದ ಮೂಲಭೂತವಾದ ವ್ಯತ್ಯಾಸವಿದೆ. ಹಳೆಯ ಚರ್ಚಿನ ದಪ್ಪ ಗೋಡೆ, ಇಳಿಜಾರು ಮಾಡು, ಮಾಡಿನ ಕೆಳಗಿನ ಅಟ್ಟ ಇವೆಲ್ಲ ಶಾಖ ಮತ್ತು ತೇವಾಂಶಗಳನ್ನು ನಿಧಾನವಾಗಿ ಹೀರಿ ಬಿಡುವ ವ್ಯವಸ್ಥೆಯಾಗಿದ್ದವು. ಮುಂದೆ ವಿದ್ಯುತ್ ತಂತಿ, ಕೊಳವೆಗಳನ್ನು ಅಳವಡಿಸಬೇಕಾಗಿ ಬಂದಾಗ ಅವನ್ನು ಮರೆಸಿಡಲು ಜಾಗವೂ ಇರುತ್ತಿತ್ತು. ಆಧುನಿಕತಾವಾದಿಗಳು ಈ ಪದರಗಳನ್ನು ಕೈಬಿಟ್ಟರು. ಗೋಡೆಯ ಹೊರಮೈಯೇ ಒಳಮೈ, ರಚನೆಯೇ ಅಲಂಕಾರ ಎಂಬುದು ಅವರ ತತ್ತ್ವವಾಗಿತ್ತು. ಪರಿಣಾಮವಾಗಿ, ಅಂಥ ಕಟ್ಟಡದಲ್ಲಿ ಒಂದು ಗಾಳಿಕೊಳವೆಯನ್ನು ಹೊಸದಾಗಿ ಸೇರಿಸಿದರೂ ಅದು ಎದ್ದು ಕಾಣುತ್ತದೆ; ಗೋಡೆಗೆ ಶಾಖನಿರೋಧಕ ಪದರ ಹಚ್ಚಿದರೆ ಗೋಡೆಯ ಮುಖವೇ ಮುಚ್ಚಿಹೋಗುತ್ತದೆ.

ಚಪ್ಪಟೆ ತಾರಸಿ ಎರಡನೆಯ ತೊಡಕು. ನೀರು ತಾನಾಗಿ ಹರಿದು ಹೋಗಲು ಅಲ್ಲಿ ಇಳಿಜಾರು ಕಡಿಮೆ. ಹಿಮ ಬೀಳುವ ಪ್ರದೇಶಗಳಲ್ಲಿ ಕಾಂಕ್ರೀಟಿನ ಸಣ್ಣ ಬಿರುಕುಗಳಿಗೆ ಇಳಿದ ನೀರು ಹೆಪ್ಪುಗಟ್ಟಿ ಹಿಗ್ಗುತ್ತದೆ, ಮತ್ತೆ ಕರಗುತ್ತದೆ. ಈ ಕ್ರಿಯೆ ಪ್ರತಿ ಚಳಿಗಾಲದಲ್ಲೂ ಹಲವು ಸಲ ನಡೆದು ಮೇಲ್ಮೈ ಸಿಪ್ಪೆಯೇಳುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನೊಳಕ್ಕೆ ಇಳಿದು ಅದರ ಕ್ಷಾರಗುಣವನ್ನು ಕಡಿಮೆ ಮಾಡಿದಾಗ ಒಳಗಿನ ಕಬ್ಬಿಣದ ಸರಳುಗಳು ತುಕ್ಕು ಹಿಡಿಯುತ್ತವೆ; ತುಕ್ಕು ಉಬ್ಬಿದಂತೆ ಕಾಂಕ್ರೀಟ್ ಒಡೆಯುತ್ತದೆ.

ಬಿಸಿಯ ವ್ಯವಸ್ಥೆ ಮೂರನೆಯದು. ಚರ್ಚು ವಾರದಲ್ಲಿ ಕೆಲವೇ ಗಂಟೆಗಳ ಕಾಲ ತುಂಬಿರುತ್ತದೆ. ಆ ಸಮಯಕ್ಕೆ ಮಾತ್ರ ಕಟ್ಟಡವನ್ನು ಒಮ್ಮೆಲೇ ಬಿಸಿ ಮಾಡಿದರೆ ಒಳಗಿನ ಗಾಳಿಯ ಸಾಪೇಕ್ಷ ಆರ್ದ್ರತೆ ದಿಢೀರನೆ ಕುಸಿದು ಮರದ ಕೆಲಸ, ಬಣ್ಣ, ಆರ್ಗನ್ ವಾದ್ಯಗಳಿಗೆ ಹಾನಿಯಾಗುತ್ತದೆ. ಇಡೀ ವಾರ ಬಿಸಿಯಾಗಿಟ್ಟರೆ ಇಂಧನದ ವೆಚ್ಚ ಸಭೆಯ ಶಕ್ತಿಯನ್ನು ಮೀರುತ್ತದೆ. ಪ್ರಾರ್ಥನಾ ಮಂದಿರಗಳನ್ನು ಬಿಸಿ ಮಾಡುವ ಬಗೆಗೇ ಯುರೋಪಿನಲ್ಲಿ ೨೦೧೧ರಲ್ಲಿ ಪ್ರತ್ಯೇಕ ಮಾನಕವೊಂದು ಪ್ರಕಟವಾದದ್ದು ಈ ಸಮಸ್ಯೆಯ ಗಾಂಭೀರ್ಯವನ್ನು ಸೂಚಿಸುತ್ತದೆ.

ನಾಲ್ಕನೆಯದು ಮೆಟ್ಟಿಲು. ನೆಲದ ಮಟ್ಟಗಳನ್ನು ಏರಿಳಿಸಿ ಒಂದು ಅನುಭವಕ್ರಮವನ್ನು ಕಟ್ಟುವುದು ಆಧುನಿಕ ವಾಸ್ತುಶಿಲ್ಪಿಗಳಿಗೆ ಪ್ರಿಯವಾದ ತಂತ್ರ. ನಡೆಯಬಲ್ಲವರಿಗೆ ಅದು ಕಾವ್ಯ. ಗಾಲಿಕುರ್ಚಿಯಲ್ಲಿರುವವರಿಗೆ ಅದು ಗೋಡೆ. ಮೊದಲ ಮೂರು ತೊಡಕುಗಳಿಗೆ ತಂತ್ರಜ್ಞಾನದಲ್ಲಿ ಪರಿಹಾರವಿದೆ. ನಾಲ್ಕನೆಯದಕ್ಕೆ ತಂತ್ರಜ್ಞಾನ ಮಾತ್ರ ಸಾಲದು. ಆಚರಣೆ ಎಂದರೇನು ಎಂಬ ತಿಳಿವಳಿಕೆಯೂ ಬೇಕಾಗುತ್ತದೆ.

೩. ಮರೆಸಿಡುವ ಮಾದರಿ: ಯೂನಿಟಿ ಟೆಂಪಲ್

ಷಿಕಾಗೊ ನಗರದ ಪಶ್ಚಿಮಕ್ಕಿರುವ ಓಕ್ ಪಾರ್ಕ್‌ನಲ್ಲಿ ಯೂನಿಟೇರಿಯನ್ ಪಂಥದ ಸಭೆಯೊಂದಿದೆ. ದೈವದ ಏಕತ್ವವನ್ನು ಎತ್ತಿಹಿಡಿದು ತ್ರಿತ್ವದ ಸಿದ್ಧಾಂತವನ್ನು ಒಪ್ಪದ ಉದಾರ ಪರಂಪರೆ ಅದು. ೧೯೦೫ರ ಜೂನ್‌ನಲ್ಲಿ ಸಿಡಿಲು ಬಡಿದು ಈ ಸಭೆಯ ಹಳೆಯ ಮರದ ಚರ್ಚು ಸುಟ್ಟುಹೋಯಿತು. ಅದೇ ಊರಿನಲ್ಲಿ ನೆಲೆಸಿದ್ದ, ಯೂನಿಟೇರಿಯನ್ ಮನೆತನದಿಂದಲೇ ಬಂದ ಫ್ರಾಂಕ್ ಲಾಯ್ಡ್ ರೈಟ್‌ಗೆ ಹೊಸ ಕಟ್ಟಡದ ಹೊಣೆ ದೊರೆಯಿತು. ಹಣ ಕಡಿಮೆಯಿದ್ದುದರಿಂದ ರೈಟ್ ಕಾಂಕ್ರೀಟನ್ನು ಆರಿಸಿಕೊಂಡರು. ಪ್ರಾರ್ಥನಾ ಭಾಗವನ್ನು ನಾಲ್ಕೂ ಮುಖ ಸಮನಾದ ಘನಾಕೃತಿಯಾಗಿ ರೂಪಿಸಿದ್ದರಿಂದ ಒಂದೇ ಸೆಂಟ್ರಿಂಗ್ ಅಚ್ಚನ್ನು ಮತ್ತೆ ಮತ್ತೆ ಬಳಸಲು ಸಾಧ್ಯವಾಯಿತು. ಕೆಲಸ ೧೯೦೬ರಲ್ಲಿ ಆರಂಭವಾಗಿ, ೧೯೦೯ರ ಸೆಪ್ಟೆಂಬರ್‌ನಲ್ಲಿ ಕಟ್ಟಡದ ಅರ್ಪಣೆ ನಡೆಯಿತು.

ಈ ಕಟ್ಟಡದ ಪ್ರವೇಶಕ್ರಮ ವಿಶಿಷ್ಟವಾದದ್ದು. ಟ್ರಾಮ್ ಓಡಾಡುತ್ತಿದ್ದ ಮುಖ್ಯ ಬೀದಿಯ ಕಡೆಗೆ ಬಾಗಿಲೇ ಇಲ್ಲ. ಬಂದವರು ಗೋಡೆಯ ಬದಿಯಲ್ಲಿ ನಡೆದು, ತಿರುಗಿ, ತಗ್ಗು ಛಾವಣಿಯ ಪಡಸಾಲೆಗೆ ಬರಬೇಕು. ಪಡಸಾಲೆಯ ಒಂದು ಬದಿಗೆ ಪ್ರಾರ್ಥನಾ ಭಾಗ, ಇನ್ನೊಂದು ಬದಿಗೆ ಸಮುದಾಯ ಭವನ. ಪ್ರಾರ್ಥನೆಗೆ ಬಂದವರು ಮಬ್ಬುಬೆಳಕಿನ ಓಣಿಯಂಥ ಹಾದಿಗೆ ಇಳಿದು, ಅಲ್ಲಿಂದ ಕೆಲವು ಮೆಟ್ಟಿಲು ಏರಿದಾಗ ಎತ್ತರದ ಬೆಳಕಿನ ಸಭಾಂಗಣ ಎದುರಾಗುತ್ತದೆ. ಮೇಲೆ ಜೇನುಬಣ್ಣದ ಗಾಜಿನ ೨೫ ಚೌಕ ಬೆಳಕಿಂಡಿಗಳು. ಮೂರು ಬದಿಗೆ ಎರಡಂತಸ್ತಿನ ಉಪ್ಪರಿಗೆಗಳು. ಸುಮಾರು ೪೦೦ ಜನ ಕೂರುವ ಈ ಸಭಾಂಗಣದಲ್ಲಿ ಯಾರೂ ಪ್ರಸಂಗಪೀಠದಿಂದ ಸುಮಾರು ೪೫ ಅಡಿಗಿಂತ ದೂರದಲ್ಲಿರುವುದಿಲ್ಲ. ಎದುರುಬದುರಿನ ಉಪ್ಪರಿಗೆಗಳಲ್ಲಿ ಕೂತವರು ಪರಸ್ಪರರ ಮುಖ ನೋಡುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಹೊರಹೋಗುವ ಬಾಗಿಲುಗಳಿರುವುದು ಪ್ರಸಂಗಪೀಠದ ಇಕ್ಕೆಲಗಳಲ್ಲಿ. ಹೀಗಾಗಿ ಸಭೆ ತನ್ನ ಪಾಲಕನಿಗೆ ಬೆನ್ನು ಹಾಕಿ ಹೊರಡುವುದಿಲ್ಲ. ಅವನತ್ತ ನಡೆದು ಹೊರಬೀಳುತ್ತದೆ.

ಕತ್ತಲ ಹಾದಿ, ಹೊಸ್ತಿಲು, ಬೆಳಕಿನ ಒಳಾಂಗಣ ಎಂಬ ಈ ಕ್ರಮವನ್ನು ಓದುವಾಗ ಜಾನಪದ ವಿದ್ಯಾರ್ಥಿಗೆ ಆರ್ನಾಲ್ಡ್ ವಾನ್ ಗೆನೆಪ್ ನೆನಪಾಗದಿರುವುದು ಕಷ್ಟ. ಅಗಲಿಕೆ, ಹೊಸ್ತಿಲ ಸ್ಥಿತಿ, ಮರುಸೇರ್ಪಡೆ ಎಂಬ ಮೂರು ಹಂತಗಳನ್ನು ಗುರುತಿಸಿದ ಅವರ ಸಂಕ್ರಮಣ ವಿಧಿಗಳ ಕುರಿತ ಗ್ರಂಥ ಹೊರಬಂದದ್ದೂ ೧೯೦೯ರಲ್ಲಿಯೇ. ಒಬ್ಬರ ಕೆಲಸ ಇನ್ನೊಬ್ಬರಿಗೆ ಪ್ರೇರಣೆಯಾಯಿತೆಂದು ಹೇಳಲು ಆಧಾರವಿಲ್ಲ; ಆದರೆ ಒಬ್ಬರು ಶಬ್ದಗಳಲ್ಲಿ ವಿವರಿಸಿದ್ದನ್ನು ಇನ್ನೊಬ್ಬರು ಕಾಂಕ್ರೀಟಿನಲ್ಲಿ ಕಟ್ಟಿದ್ದರು ಎನ್ನಬಹುದು.

ಇಂಥ ಕೃತಿಯಲ್ಲಿ ಸೌಕರ್ಯ ಮಾತ್ರ ಆರಂಭದಿಂದಲೂ ಸಮಸ್ಯೆಯಾಗಿತ್ತು. ಸಭಾಂಗಣದ ನಾಲ್ಕು ದೊಡ್ಡ ಕಂಬಗಳನ್ನು ಟೊಳ್ಳಾಗಿ ಕಟ್ಟಿ, ಅವುಗಳ ಮೂಲಕ ಬಿಸಿಗಾಳಿ ಹರಿಸುವ ಯೋಜನೆ ರೈಟ್ ಅವರದಾಗಿತ್ತು. ಆ ವ್ಯವಸ್ಥೆ ಷಿಕಾಗೊ ಚಳಿಗೆ ಸಾಲದಾಯಿತು. ಹಲವು ಮಟ್ಟದ ಚಪ್ಪಟೆ ತಾರಸಿಗಳು ಸೋರತೊಡಗಿದವು. ೧೯೭೦ರಲ್ಲಿ ಕಟ್ಟಡಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮನ್ನಣೆ ದೊರೆಯಿತು. ೧೯೭೩ರಲ್ಲಿ ಅದರ ದುರಸ್ತಿಗಾಗಿ ಪ್ರತ್ಯೇಕ ಪ್ರತಿಷ್ಠಾನ ಸ್ಥಾಪನೆಯಾಯಿತು. ಆದರೂ ೨೦೦೮ರಲ್ಲಿ ಸಭಾಂಗಣದ ಛಾವಣಿಯ ಗಾರೆಯ ದೊಡ್ಡ ತುಂಡೊಂದು ಕಳಚಿ ಬಿದ್ದಿತು. ಮರುವರ್ಷ ಅಮೆರಿಕದ ಅಪಾಯದಲ್ಲಿರುವ ೧೧ ಐತಿಹಾಸಿಕ ತಾಣಗಳ ಪಟ್ಟಿಗೆ ಈ ಕಟ್ಟಡ ಸೇರಿತು.

೨೦೧೫ರಿಂದ ೨೦೧೭ರವರೆಗೆ ಸುಮಾರು ೨.೫ ಕೋಟಿ ಡಾಲರ್ ವೆಚ್ಚದಲ್ಲಿ, ಹಾರ್ಬೋ ವಾಸ್ತುಶಿಲ್ಪ ಸಂಸ್ಥೆಯ ನೇತೃತ್ವದಲ್ಲಿ ಸಮಗ್ರ ಜೀರ್ಣೋದ್ಧಾರ ನಡೆಯಿತು. ತಾರಸಿ, ಕಾಂಕ್ರೀಟ್ ಮೇಲ್ಮೈ, ಗಾರೆ, ಬಣ್ಣದ ಗಾಜು, ಮರದ ಪಟ್ಟಿಗಳೆಲ್ಲ ದುರಸ್ತಿಗೊಂಡವು. ಸೌಕರ್ಯದ ದೃಷ್ಟಿಯಿಂದ ಮುಖ್ಯವಾದದ್ದು ಭೂಶಾಖ ವ್ಯವಸ್ಥೆ. ಆವರಣದಲ್ಲಿ ತಲಾ ೫೦೦ ಅಡಿ ಆಳದ ಒಂಬತ್ತು ಬಾವಿಗಳನ್ನು ಕೊರೆಯಲಾಯಿತು. ನೆಲದ ಆ ಆಳದಲ್ಲಿ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಮುಚ್ಚಿದ ಕೊಳವೆಗಳಲ್ಲಿ ದ್ರವವನ್ನು ಸುತ್ತಾಡಿಸಿ, ಚಳಿಗಾಲದಲ್ಲಿ ನೆಲದ ಶಾಖವನ್ನು ಕಟ್ಟಡಕ್ಕೂ ಬೇಸಿಗೆಯಲ್ಲಿ ಕಟ್ಟಡದ ಶಾಖವನ್ನು ನೆಲಕ್ಕೂ ಸಾಗಿಸುವುದು ಈ ವ್ಯವಸ್ಥೆಯ ಕಾರ್ಯವಿಧಾನ. ತಾರಸಿಯ ಮೇಲೆ ಸದ್ದು ಮಾಡುವ ದೊಡ್ಡ ಯಂತ್ರಗಳು ಬೇಕಾಗುವುದಿಲ್ಲ. ಶತಮಾನ ಕಳೆದ ಮೇಲೆ ಈ ಕಟ್ಟಡಕ್ಕೆ ಮೊದಲ ಬಾರಿಗೆ ಹವಾನಿಯಂತ್ರಣ ಬಂದಿತು. ಬಂದದ್ದು ಕಣ್ಣಿಗೆ ಕಾಣದಂತೆ ಬಂದಿತು. ೨೦೧೯ರಲ್ಲಿ ರೈಟ್ ಅವರ ಇನ್ನೂ ಏಳು ಕೃತಿಗಳೊಡನೆ ಯೂನಿಟಿ ಟೆಂಪಲ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಹೊಸದನ್ನು ಮರೆಸಿಟ್ಟು ಹಳೆಯದನ್ನು ಮೆರೆಸುವ ಈ ಮಾದರಿಯ ಸಾಧನೆ ದೊಡ್ಡದು. ಅದರ ಮಿತಿಯೂ ಸ್ಪಷ್ಟವಿದೆ. ಬಿಸಿ, ತಂಪುಗಳನ್ನು ನೆಲದಡಿಯಲ್ಲಿ ಮರೆಸಬಹುದು, ಮೆಟ್ಟಿಲನ್ನು ಮರೆಸಲಾಗದು. ಇಳಿದು, ತಿರುಗಿ, ಏರುವುದೇ ಈ ಕಟ್ಟಡದ ವಿಧಿಯಾಗಿರುವಾಗ ಆ ವಿಧಿ ನಡೆಯಬಲ್ಲ ದೇಹವೊಂದನ್ನು ಮೊದಲೇ ಊಹಿಸಿಕೊಂಡಿದೆ.

೪. ಪಕ್ಕದಲ್ಲಿ ಕಟ್ಟುವ ಮಾದರಿ: ಮ್ಯಾಡಿಸನ್ನಿನ ಸಭಾಮಂದಿರ

ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನ ಯೂನಿಟೇರಿಯನ್ ಸಭೆ ಸ್ಥಾಪನೆಯಾದದ್ದು ೧೮೭೯ರಲ್ಲಿ. ರೈಟ್ ಅವರ ತಂದೆ ಅದರ ಆರಂಭದ ಸದಸ್ಯರಲ್ಲೊಬ್ಬರು. ಮಗನೂ ಮುಂದೆ ಅದರ ಸದಸ್ಯರಾಗಿ, ೧೯೪೬ರಲ್ಲಿ ಅದರ ಹೊಸ ಮಂದಿರದ ವಿನ್ಯಾಸಕ್ಕೆ ತೊಡಗಿದರು. ೧೯೪೯ರಿಂದ ೧೯೫೧ರವರೆಗೆ ನಡೆದ ನಿರ್ಮಾಣದ ಕಥೆ ಈ ಸಭೆಯ ಮೌಖಿಕ ಪರಂಪರೆಯ ಕೇಂದ್ರದಲ್ಲಿದೆ. ಹಣ ಸಾಲದಾದಾಗ ಸದಸ್ಯರೇ ವಾರಾಂತ್ಯಗಳಲ್ಲಿ ಸುಮಾರು ೩೦ ಮೈಲಿ ದೂರದ ಕಲ್ಲುಗಣಿಗೆ ಹೋಗಿ ಗೋಡೆಯ ಕಲ್ಲನ್ನು ಹೊತ್ತು ತಂದರು. ಹೀಗೆ ಬಂದ ಕಲ್ಲಿನ ತೂಕ ಸುಮಾರು ಸಾವಿರ ಟನ್. ಸಭಾಂಗಣಕ್ಕೂ ಒಲೆಕೋಣೆಗೂ ನಡುವೆ ತೂಗುವ ಪರದೆಯನ್ನು ಸಭೆಯ ಮಹಿಳೆಯರು ಮಗ್ಗದಲ್ಲಿ ನೇಯ್ದರು. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿಯೆಂದು ಕರೆಯುವ ಕೂಡುದುಡಿಮೆಗೆ ಇದು ಹತ್ತಿರವಾದದ್ದು. ಜಗತ್ಪ್ರಸಿದ್ಧ ವಾಸ್ತುಶಿಲ್ಪಿಯ ಹೆಸರಿನ ಕಟ್ಟಡದೊಳಗೆ ಹೆಸರಿಲ್ಲದ ಕೈಗಳ ಕೆಲಸವೂ ಸೇರಿಕೊಂಡಿದೆ.

ಮಂದಿರದ ಬೆಂಚುಗಳು ಸ್ಥಿರವಲ್ಲ. ಪ್ರಾರ್ಥನೆಗೆ ಒಂದು ಕಡೆ ಮುಖ ಮಾಡಿದ ಅವನ್ನೇ ತಿರುಗಿಸಿ ಒಲೆಯ ಕಡೆಗಿಟ್ಟರೆ ಊಟದ ಮನೆಯಾಗುತ್ತದೆ. ಪೂಜೆಗೂ ಪಂಕ್ತಿಗೂ ಒಂದೇ ನೆಲ ಒದಗುವ ಈ ಏರ್ಪಾಟು, ಶಾಸನಗಳ ಸೂತ್ರದಲ್ಲಿ ರಂಗಭೋಗದ ಪಕ್ಕದಲ್ಲಿಯೇ ಬರುವ ಆಹಾರದಾನವನ್ನು ನೆನಪಿಗೆ ತರುತ್ತದೆ.

ಸಭೆ ಬೆಳೆದಂತೆ ಮಂದಿರ ಕಿರಿದಾಯಿತು. ಬೇರೆಡೆಗೆ ಹೋಗುವುದೆ, ಸಭೆಯನ್ನೇ ಒಡೆಯುವುದೆ, ಇದ್ದಲ್ಲಿಯೇ ವಿಸ್ತರಿಸುವುದೆ ಎಂಬ ಪ್ರಶ್ನೆ ಇಂಥ ಸಂದರ್ಭದಲ್ಲಿ ಯಾವುದೇ ಸಭೆಗೆ ಎದುರಾಗುವಂಥದ್ದು. ೨೦೦೪ರಲ್ಲಿ ಈ ಕಟ್ಟಡವೂ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾದುದರಿಂದ ಹಳೆಯ ಮಂದಿರವನ್ನು ಹಿಗ್ಗಿಸುವುದು ಉಚಿತವಾಗುತ್ತಿರಲಿಲ್ಲ. ಕುಬಾಲಾ ವಾಶಾಟ್ಕೊ ಸಂಸ್ಥೆಯ ವಿನ್ಯಾಸದಂತೆ ೨೦೦೮ರಲ್ಲಿ ಸುಮಾರು ೫೦೦ ಆಸನಗಳ ಹೊಸ ಸಭಾಂಗಣ ಪಕ್ಕದಲ್ಲಿ ಎದ್ದಿತು. ರೈಟ್ ಅವರ ಮಂದಿರ ಚೂಪಾದ ತ್ರಿಕೋನಗಳದು. ಹೊಸದು ಬಾಗಿದ ರೇಖೆಯದು. ಅದರ ತಾರಸಿಯ ಮೇಲೆ ಹಸಿರು ಬೆಳೆಸಲಾಗಿದೆ. ಬಿಸಿ ಮತ್ತು ತಂಪಿಗೆ ಇಲ್ಲಿಯೂ ಭೂಶಾಖ ವ್ಯವಸ್ಥೆಯನ್ನು ಅಳವಡಿಸಲಾಗಿದೆ. ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ೨೦೧೧ರಲ್ಲಿ ಪರಿಸರಸ್ನೇಹಿ ವಿನ್ಯಾಸಕ್ಕಾಗಿ ಆರಿಸಿದ ಹತ್ತು ಕಟ್ಟಡಗಳಲ್ಲಿ ಇದೂ ಒಂದು.

ಅಮೆರಿಕದ ಆಂತರಿಕ ಇಲಾಖೆ ಐತಿಹಾಸಿಕ ಕಟ್ಟಡಗಳ ಪುನರುಪಯೋಗಕ್ಕೆ ನಿಗದಿಪಡಿಸಿದ ಮಾನದಂಡಗಳ ಪ್ರಕಾರ, ಹೊಸ ಸೇರ್ಪಡೆ ಹಳೆಯದರೊಡನೆ ಹೊಂದಿಕೊಳ್ಳಬೇಕು, ಆದರೆ ಅದರಿಂದ ಬೇರೆಯೆಂದು ಗುರುತಿಸುವಂತಿರಬೇಕು. ಮುಂದೊಂದು ದಿನ ತೆಗೆದರೂ ಹಳೆಯದರ ಮೂಲರೂಪ ಉಳಿಯುವಂತಿರಬೇಕು. ಮ್ಯಾಡಿಸನ್ನಿನ ವಿಸ್ತರಣೆ ಈ ನಿಯಮಗಳ ಒಳ್ಳೆಯ ನಿದರ್ಶನ. ಇದರ ಹಿಂದೆ ಇನ್ನೊಂದು ಮಾನವೀಯ ಲೆಕ್ಕವೂ ಇದೆ. ೧೯೫೦ರ ಸುಮಾರಿಗೆ ಮೂವತ್ತರ ಹರೆಯದಲ್ಲಿ ಕಲ್ಲು ಹೊತ್ತವರು ೨೦೦೮ರ ವೇಳೆಗೆ ತೊಂಬತ್ತರ ಅಂಚಿನಲ್ಲಿರುತ್ತಾರೆ. ಕಟ್ಟಿದವರೇ ಮುಪ್ಪಿನಲ್ಲಿ ಒಳಗೆ ಬರಲಾಗದಂತೆ ಕಟ್ಟಡವನ್ನು ಕಾಪಾಡುವುದರಲ್ಲಿ ಯಾವ ಪರಂಪರೆಯೂ ಇಲ್ಲ.

ಈ ಮಾದರಿಗೂ ಬೆಲೆಯಿದೆ. ದೊಡ್ಡ ಪ್ರಾರ್ಥನೆಗಳು ಹೊಸ ಸಭಾಂಗಣಕ್ಕೆ ಹೋದಾಗ ಹಳೆಯ ಮಂದಿರ ನಿತ್ಯದ ಬಳಕೆಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಬಳಕೆ ತಗ್ಗಿದ ಆಲಯ ಕ್ರಮೇಣ ಪ್ರೇಕ್ಷಣೀಯ ವಸ್ತುವಾಗುವ ಅಪಾಯವನ್ನು ಸಭೆಯೇ ಎಚ್ಚರದಿಂದ ತಡೆಯಬೇಕಾಗುತ್ತದೆ.

೫. ಒಳಾಂಗಣವನ್ನೇ ಬದಲಿಸುವ ಮಾದರಿ: ಬರ್ಲಿನ್ನಿನ ಸಂತ ಹೆಡ್‌ವಿಗ್ ಪ್ರಧಾನಾಲಯ

ಮೂರನೆಯ ನಿದರ್ಶನ ವಿವಾದಾಸ್ಪದವಾದದ್ದು. ಬರ್ಲಿನ್ನಿನ ಸಂತ ಹೆಡ್‌ವಿಗ್ ಕಥೋಲಿಕ ದೇವಾಲಯ ೧೭೭೩ರಲ್ಲಿ ಪ್ರತಿಷ್ಠೆಗೊಂಡ ವೃತ್ತಾಕಾರದ ಗುಮ್ಮಟದ ಕಟ್ಟಡ. ೧೯೪೩ರ ಬಾಂಬ್ ದಾಳಿಯಲ್ಲಿ ಅದು ಸುಟ್ಟುಹೋಯಿತು. ಯುದ್ಧಾನಂತರ ನಗರ ಇಬ್ಭಾಗವಾಗಿದ್ದಾಗ, ಪೂರ್ವ ಬರ್ಲಿನ್ನಿನಲ್ಲಿದ್ದ ಈ ಆಲಯವನ್ನು ಪಶ್ಚಿಮ ಜರ್ಮನಿಯ ವಾಸ್ತುಶಿಲ್ಪಿ ಹಾನ್ಸ್ ಶ್ವಿಪರ್ಟ್ ೧೯೬೩ರ ಹೊತ್ತಿಗೆ ಆಧುನಿಕತಾವಾದಿ ಒಳಾಂಗಣದೊಡನೆ ಪುನರ್‌ನಿರ್ಮಿಸಿದರು. ಆಲಯದ ನೆಲದ ನಡುವೆ ಅವರು ದೊಡ್ಡದೊಂದು ವೃತ್ತಾಕಾರದ ತೆರಪನ್ನು ಬಿಟ್ಟು, ಅಲ್ಲಿಂದ ನೆಲಮಾಳಿಗೆಯ ಆಲಯಕ್ಕೆ ಅಗಲವಾದ ಮೆಟ್ಟಿಲುಗಳನ್ನಿಳಿಸಿದರು. ಮೇಲಿನ ಬಲಿಪೀಠವೂ ಕೆಳಗಿನದೂ ಒಂದೇ ಸ್ತಂಭದಂತೆ ಕೂಡಿಕೊಂಡಿದ್ದವು. ಯಹೂದಿಗಳಿಗಾಗಿ ಬಹಿರಂಗವಾಗಿ ಪ್ರಾರ್ಥಿಸಿ ನಾಜಿಗಳ ಸೆರೆಗೊಳಗಾಗಿ ೧೯೪೩ರಲ್ಲಿ ಮಡಿದ ಗುರು ಬರ್ನ್‌ಹಾರ್ಡ್ ಲಿಖ್ಟನ್‌ಬರ್ಗ್ ಅವರ ಸಮಾಧಿ ಇದೇ ನೆಲಮಾಳಿಗೆಯಲ್ಲಿದೆ. ಬದುಕಿರುವವರ ನಡುವೆ ಮೃತರಿಗೂ ಸ್ಥಾನ ಕೊಟ್ಟ, ಯುದ್ಧದ ಗಾಯವನ್ನು ನೆಲದಲ್ಲಿಯೇ ತೆರೆದಿಟ್ಟ ವಿನ್ಯಾಸವೆಂದು ಅದನ್ನು ಮೆಚ್ಚಿದವರು ಅನೇಕರು.

ಎರಡನೆಯ ವ್ಯಾಟಿಕನ್ ಮಹಾಸಭೆಯ (೧೯೬೨–೬೫) ತರುವಾಯ ಕಥೋಲಿಕ ಬಲಿಪೂಜೆಯಲ್ಲಿ ಗುರು ಮತ್ತು ಜನ ಬಲಿಪೀಠದ ಸುತ್ತ ಒಟ್ಟುಗೂಡುವ ಭಾವನೆಗೆ ಒತ್ತು ಬಂದಿತು. ನೆಲದ ತೆರಪು ಈಗ ಗುರುವಿಗೂ ಜನರಿಗೂ ನಡುವಿನ ಕಂದಕದಂತೆ ಕಾಣತೊಡಗಿತು. ೨೦೧೪ರ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದ ಜಿಚಾವ್ ಮತ್ತು ವಾಲ್ಟರ್ ಸಂಸ್ಥೆ ಹಾಗೂ ಕಲಾವಿದ ಲಿಯೊ ಝೋಗ್‌ಮೇಯರ್ ತೆರಪನ್ನು ಮುಚ್ಚಿ, ಗುಮ್ಮಟದ ನೇರ ಕೆಳಗೆ ಬಲಿಪೀಠವಿಟ್ಟು, ಸುತ್ತಲೂ ವೃತ್ತಗಳಲ್ಲಿ ಕುರ್ಚಿಗಳನ್ನಿಡುವ ಯೋಜನೆ ನೀಡಿದರು. ಸ್ಮಾರಕ ರಕ್ಷಣೆಯ ತಜ್ಞರು ವಿರೋಧಿಸಿದರು. ಶ್ವಿಪರ್ಟ್ ಅವರ ಒಳಾಂಗಣದಲ್ಲಿ ಪಾಲುಗೊಂಡ ಕಲಾವಿದರ ಕಡೆಯಿಂದ ಮೊಕದ್ದಮೆಯೂ ನಡೆಯಿತು. ತಡೆಯಾಜ್ಞೆ ದೊರೆಯಲಿಲ್ಲ. ೨೦೧೮ರಲ್ಲಿ ಮುಚ್ಚಿದ ಆಲಯ ೨೦೨೪ರ ನವೆಂಬರ್‌ನಲ್ಲಿ ಮತ್ತೆ ತೆರೆಯಿತು. ಹೊಸ ಬಲಿಪೀಠ ಅರ್ಧಗೋಲಾಕೃತಿಯದು; ಧರ್ಮಪ್ರಾಂತ್ಯದ ಭಕ್ತರು ತಂದುಕೊಟ್ಟ ಕಲ್ಲುಗಳನ್ನು ಕೂಡಿಸಿ ಅದನ್ನು ಎರಕ ಹೊಯ್ಯಲಾಗಿದೆ.

ಇಲ್ಲಿ ಪಡೆದದ್ದೂ ಕಳೆದದ್ದೂ ಎರಡೂ ನಿಜ. ನೆಲ ಒಂದೇ ಮಟ್ಟದ್ದಾಯಿತು. ಸಭಾಂಗಣದ ನಡುವಿದ್ದ ಮೆಟ್ಟಿಲ ಕಂದಕ ಇಲ್ಲವಾಗಿ ಊರುಗೋಲಿನವರು, ಗಾಲಿಕುರ್ಚಿಯವರು ಬಲಿಪೀಠದ ಸುತ್ತಲಿನ ವೃತ್ತದಲ್ಲಿ ಇತರರ ಸಮಕ್ಕೆ ಸೇರುವುದು ಸುಲಭವಾಯಿತು. ಅದಕ್ಕಾಗಿ ವಿಭಜಿತ ನಗರದ ಕಾಲದ ಮುಖ್ಯ ಕಲಾಕೃತಿಯೊಂದು ಅಳಿಯಿತು. ಸೌಕರ್ಯಕ್ಕೂ ಸಂರಕ್ಷಣೆಗೂ ಸದಾ ಹೊಂದಾಣಿಕೆ ಸಾಧ್ಯವೆಂಬ ಸುಲಭದ ಸಮಾಧಾನವನ್ನು ಬರ್ಲಿನ್ನಿನ ಪ್ರಸಂಗ ಒಪ್ಪುವುದಿಲ್ಲ.

೬. ಪ್ರವೇಶದ ಹಕ್ಕು ಮತ್ತು ಆಚರಣೆಯ ಹಾದಿ

ಅಂಗವಿಕಲರ ಹಕ್ಕುಗಳ ಬಗೆಗೆ ಅಮೆರಿಕ ೧೯೯೦ರಲ್ಲಿ ರೂಪಿಸಿದ ಕಾಯಿದೆ ಅಂಗಡಿ, ಹೋಟೆಲು, ಚಿತ್ರಮಂದಿರಗಳಂಥ ಸಾರ್ವಜನಿಕ ಸ್ಥಳಗಳೆಲ್ಲ ತಡೆಯಿಲ್ಲದ ಪ್ರವೇಶ ಒದಗಿಸಬೇಕೆಂದು ವಿಧಿಸಿತು. ಆದರೆ ಧಾರ್ಮಿಕ ಸಂಸ್ಥೆಗಳಿಗೆ ಆ ವಿಧಿಯಿಂದ ವಿನಾಯಿತಿ ದೊರೆಯಿತು. ಹೊಸ ಕಾಮಗಾರಿಗೆ ಆಯಾ ರಾಜ್ಯದ ಕಟ್ಟಡ ನಿಯಮಗಳು ಅನ್ವಯಿಸಬಹುದಾದರೂ ಹಳೆಯ ಚರ್ಚೊಂದು ತನ್ನ ಮೆಟ್ಟಿಲಿನ ಪಕ್ಕದಲ್ಲಿ ಇಳಿಜಾರು ದಾರಿ ಮಾಡಬೇಕೆಂದು ಈ ಕೇಂದ್ರ ಕಾಯಿದೆ ಒತ್ತಾಯಿಸುವುದಿಲ್ಲ. ಆದ್ದರಿಂದ ಅಲ್ಲಿ ಪ್ರವೇಶ ಸೌಲಭ್ಯವೆಂಬುದು ಬಹುಮಟ್ಟಿಗೆ ಸಭೆ ತನಗೆ ತಾನೇ ಕೇಳಿಕೊಳ್ಳಬೇಕಾದ ನೈತಿಕ ಪ್ರಶ್ನೆ. ೨೦೦೬ರ ವಿಶ್ವಸಂಸ್ಥೆಯ ಒಡಂಬಡಿಕೆ ಸಾಂಸ್ಕೃತಿಕ ಮಹತ್ವದ ತಾಣಗಳಿಗೆ ಪ್ರವೇಶವನ್ನೂ ಹಕ್ಕುಗಳ ಸಾಲಿಗೆ ಸೇರಿಸಿತು. ಭಾರತ ಅದನ್ನು ೨೦೦೭ರಲ್ಲಿ ಅನುಮೋದಿಸಿ, ೨೦೧೬ರಲ್ಲಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯನ್ನು ತಂದಿತು.

ಕಾನೂನು ಬಾಗಿಲಿನ ಅಗಲವನ್ನು, ಇಳಿಜಾರಿನ ಪ್ರಮಾಣವನ್ನು ಅಳೆಯಬಲ್ಲದು. ಆಚರಣೆಯಲ್ಲಿ ಪಾಲ್ಗೊಳ್ಳುವಿಕೆಯನ್ನು ಅಳೆಯುವುದು ಅದಕ್ಕೆ ಕಷ್ಟ. ಮೆಟ್ಟಿಲ ಹಾದಿಯಿರುವ ಚರ್ಚಿನಲ್ಲಿ ಹಿಂಬದಿಯ ಬಾಗಿಲಿನಿಂದ, ಅಡುಗೆಮನೆಯ ಪಕ್ಕದಿಂದ ಲಿಫ್ಟ್ ಇಟ್ಟು ಒಬ್ಬರನ್ನು ಸಭಾಂಗಣಕ್ಕೆ ತಲುಪಿಸಬಹುದು. ಅವರಿಗೆ ಆಸನ ದೊರೆಯಿತು, ಹಾದಿ ದೊರೆಯಲಿಲ್ಲ. ಎಲ್ಲರೂ ಸೇರಿ ಬರುವ ಪಡಸಾಲೆ, ಅಲ್ಲಿನ ಕುಶಲಪ್ರಶ್ನೆ, ಕತ್ತಲಿಂದ ಬೆಳಕಿಗೆ ಬರುವ ಕ್ಷಣ ಇವೆಲ್ಲ ಅವರ ಪಾಲಿಗೆ ತಪ್ಪಿದವು. ಸಭಾಂಗಣದ ಕೊನೆಯ ಸಾಲಿನ ಹಿಂದೆ ಗಾಲಿಕುರ್ಚಿಗೆ ಜಾಗ ಬಿಡುವುದೂ ಇಂಥದ್ದೇ. ಜನರ ನಡುವಿನ ಅಂತರವೇ ಒಂದು ಭಾಷೆ ಎಂಬುದನ್ನು ಎಡ್ವರ್ಡ್ ಹಾಲ್ ೧೯೬೬ರಷ್ಟು ಹಿಂದೆಯೇ ವಿವರಿಸಿದ್ದರು. ಮನೆಮಂದಿಯಿಂದ ಬೇರೆಯಾಗಿ ಕೂರಿಸಿದಾಗ ಆ ಭಾಷೆ ಏನು ಹೇಳುತ್ತದೆ ಎ೦ಬುದು ಕೂತವರಿಗೆ ಚೆನ್ನಾಗಿಯೇ ತಿಳಿಯುತ್ತದೆ. ನಾಲ್ಕಾರು ಸಾಲುಗಳಲ್ಲಿ ಒಂದೊಂದು ಬೆಂಚನ್ನು ಮೊಟಕುಗೊಳಿಸಿ, ಗಾಲಿಕುರ್ಚಿ ಕುಟುಂಬದ ಪಕ್ಕದಲ್ಲಿಯೇ ನಿಲ್ಲುವಂತೆ ಮಾಡುವುದು ಕಡಿಮೆ ಖರ್ಚಿನ ಕೆಲಸ. ಅದರ ಅರ್ಥ ಮಾತ್ರ ದೊಡ್ಡದು.

ಸಾಂಪ್ರದಾಯಿಕ ಸಮಾಜಗಳು ಈ ಪ್ರಶ್ನೆಯನ್ನು ಕಡೆಗಣಿಸಿರಲಿಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ೬೦೦ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರಲಾರದವರಿಗೆ ಡೋಲಿಯ ಏರ್ಪಾಟಿದೆ. ನಾಲ್ವರ ಹೆಗಲ ಮೇಲೆ ಕೂತು ಹೋದವರೂ ಎಲ್ಲರೂ ಏರುವ ಅದೇ ಮೆಟ್ಟಿಲ ಹಾದಿಯಲ್ಲಿ, ಅದೇ ಯಾತ್ರಿಕರ ನಡುವೆಯೇ ಹೋಗುತ್ತಾರೆ. ಹಾದಿಯನ್ನು ಹಂಚಿಕೊಳ್ಳುವ ಗುಣ ಈ ಏರ್ಪಾಟಿನಲ್ಲಿದೆ. ಆದರೆ ಹೊರುವವರ ದುಡಿಮೆಯನ್ನೂ ಹೊರಿಸಿಕೊಳ್ಳುವವರ ಪರಾಧೀನತೆಯನ್ನೂ ಅದು ಬೇಡುತ್ತದೆ. ಇಳಿಜಾರು ದಾರಿ ಸ್ವಾಧೀನತೆಯನ್ನು ಕೊಡುತ್ತದೆ, ಆದರೆ ಹಲವು ಸಲ ಹಾದಿಯನ್ನು ಬೇರ್ಪಡಿಸುತ್ತದೆ. ಎರಡರ ಗುಣವನ್ನೂ ಕೂಡಿಸುವ ಪರಿಹಾರವೆಂದರೆ ಎಲ್ಲರೂ ಬಳಸುವ ಮುಖ್ಯ ಹಾದಿಯನ್ನೇ ಮೆಟ್ಟಿಲಿಲ್ಲದ ಹಾದಿಯನ್ನಾಗಿಸುವುದು. ಹೊಸ ಕಟ್ಟಡದಲ್ಲಿ ಇದು ಸುಲಭ. ಸ್ಮಾರಕದಲ್ಲಿ ಅತಿ ಕಠಿಣ. ಕಠಿಣವಾದುದರಿಂದಲೇ ಅದನ್ನು ಯೋಜನೆಯ ಕೊನೆಗಲ್ಲ, ಆರಂಭದಲ್ಲಿಯೇ ಯೋಚಿಸಬೇಕು.

೭. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಆಧುನಿಕತಾವಾದಿ ಚರ್ಚಿನ ಜೀರ್ಣೋದ್ಧಾರಕ್ಕೆ ಮೊದಲು ಕಟ್ಟಡದ ನಕ್ಷೆ, ಬಿರುಕು, ತೇವಗಳ ದಾಖಲಾತಿ ನಡೆಯುವಂತೆಯೇ ಸಭೆಯ ರೂಢಿಗಳ ದಾಖಲಾತಿಯೂ ನಡೆಯಬೇಕು. ಜನ ಬರುವ ಹಾದಿ, ಪರಸ್ಪರ ಮುಖ ನೋಡುವ ರೀತಿ, ಪ್ರಾರ್ಥನೆಯ ನಂತರ ಒಡಗೂಡುವ ತಾಣ ಈ ಮೂರನ್ನು ಗುರುತಿಸಿಕೊಂಡರೆ ಯಾವ ಬದಲಾವಣೆ ಆಲಯವನ್ನು ಉಳಿಸುತ್ತದೆ, ಯಾವುದು ಕೆಡಿಸುತ್ತದೆ ಎಂಬುದಕ್ಕೆ ಮಾನದಂಡವೊಂದು ದೊರೆಯುತ್ತದೆ. ಇಂಥ ದಾಖಲಾತಿ ವಾಸ್ತುಶಿಲ್ಪಿಗಿಂತ ಕ್ಷೇತ್ರಕಾರ್ಯದಲ್ಲಿ ಪಳಗಿದ ಜಾನಪದ ಸಂಶೋಧಕನಿಗೆ ಹೆಚ್ಚು ಸಹಜವಾದ ಕೆಲಸ.

ಯೂನಿಟಿ ಟೆಂಪಲ್‌ನಲ್ಲಿ ಹಾದಿ ಉಳಿಯಿತು, ಮೆಟ್ಟಿಲೂ ಆ ಹಾದಿಯ ಭಾಗವಾಗಿಯೇ ಉಳಿಯಿತು. ಮ್ಯಾಡಿಸನ್ನಿನಲ್ಲಿ ಸಭೆ ಒಂದಾಗಿ ಉಳಿಯಿತು, ಹಳೆಯ ಮಂದಿರದ ಹೊರೆ ಹಗುರಾಯಿತು. ಬರ್ಲಿನ್ನಿನಲ್ಲಿ ವೃತ್ತ ಪೂರ್ಣವಾಯಿತು, ಸ್ಮೃತಿಯೊಂದು ಅಳಿಯಿತು. ಮೂರರಲ್ಲಿ ಯಾವುದೂ ಎಲ್ಲೆಡೆಗೂ ಸಲ್ಲುವ ಸೂತ್ರವಲ್ಲ. ಆದರೆ ಮೂರೂ ಒಂದು ಸಂಗತಿಯನ್ನು ಸ್ಪಷ್ಟಪಡಿಸುತ್ತವೆ: ಸೌಕರ್ಯ ಮತ್ತು ಪ್ರವೇಶ ಸೌಲಭ್ಯಗಳು ಪರಂಪರೆಯಿಂದ ಕಿತ್ತು ಪಡೆಯುವ ರಿಯಾಯಿತಿಗಳಲ್ಲ, ಯಾವ ಬಳಕೆಯಿಂದ ಕಟ್ಟಡ ಪರಂಪರೆಯಾಯಿತೋ ಆ ಬಳಕೆಯ ಮುಂದುವರಿಕೆಗಳು. ದುರಸ್ತಿ, ಪೂಜೆ, ಊಟಗಳನ್ನು ಒಂದೇ ಸಾಲಿನಲ್ಲಿ ಬರೆಸಿದ ಶಾಸನಕಾಲದ ದಾನಿಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾದ ಅಗತ್ಯವಿರಲಿಲ್ಲ.